ಜಪಾನಿನ ಸಪ್ಪೆ ಮೆಣಸಿನಕಾಯಿ

ಹುಮನಾಬಾದಿನ ನಮ್ಮ ಮನೆಗೆ ನಾನು ಹಿರಿಸೊಸೆ. ಬಾಯಿಹುಣ್ಣಿನಿಂದ ಅತ್ತೆ ಖಾರ ಬಿಟ್ಟ ಮೇಲೆ ಅವರಿಗೆಂದೇ ಬೇರೆ ಗಡಿಗೆಯಲ್ಲಿ ಸಪ್ಪೆ ಬೇಳೆ ಕುದಿಸುತ್ತಿದ್ದವಳು ನಾನೇ. ವರ್ಷಗಟ್ಟಲೆ ಅದನ್ನು ಒಂದು ಕಾಳೂ ಉಳಿಸದೆ ಉಂಡು, ತಾಟು ತೊಳೆದ ನೀರನ್ನೂ ಕುಡಿಯುತ್ತಿದ್ದರು. ಲಿಂಗಕ್ಕೆ ತೋರಿಸಿ ಉಣ್ಣುವ ಮನೆ ನಮ್ಮದು. ತಾಟಿಗೆ ಬಿದ್ದದ್ದು ಪ್ರಸಾದ, ಬಿಡುವಂತಿಲ್ಲ. ನಾನು ಮಾತ್ರ ಅದೆಲ್ಲ ನನ್ನ ಕೈಗುಣ ಎಂದೇ ಬೀಗುತ್ತಿದ್ದೆ.

ಎಪ್ಪತ್ತರ ದಶಕದಲ್ಲಿ ಮೈದುನನ ಮದುವೆಯಾಗಿ ಬಸವಕಲ್ಯಾಣದಿಂದ ನೆಗೆಣ್ಣಿ ಬಂದಳು. ಪುಣೆಯ ಕಾರ್ಖಾನೆಯಲ್ಲಿದ್ದ ಅವಳ ಅಣ್ಣನನ್ನು ಕೆಲಸ ಕಲಿಯಲು ಜಪಾನಿಗೆ ಕಳಿಸಿದ್ದರಂತೆ. ಅವನು ತಂದುಕೊಟ್ಟ ಬೀಜವನ್ನು ಇವಳು ಸೆರಗಿಗೆ ಗಂಟು ಹಾಕಿಕೊಂಡು ಬಂದು, ಬಚ್ಚಲ ನೀರು ಹರಿಯುವಲ್ಲಿ ಊರಿದಳು. ಬೆರಳುದ್ದದ ಹಸಿರು ಕಾಯಿ, ಮೈಯೆಲ್ಲ ಸುಕ್ಕು, ತುದಿ ಯಾರೋ ಚಿವುಟಿದ ಹಾಗೆ. ಖಾರವೇ ಇಲ್ಲ. ಖಾರ ಬೇಡವೆಂದ ಮೇಲೆ ಸೌತೆಕಾಯಿ ಏನು ತಪ್ಪು ಮಾಡಿತ್ತು?

ಅವಳು ಅವನ್ನು ಸೀಳಿ, ಶೇಂಗಾ, ಗುರೆಳ್ಳಿನ ಪುಡಿ ತುಂಬಿ, ಎಣ್ಣೆ ಬಿಟ್ಟು ಹಂಚಿನ ಮೇಲೆ ಹೊರಳಿಸಿದಳು. ಅತ್ತೆ ರೊಟ್ಟಿಯ ಜೊತೆ ತಿಂದು, "ಭಾಳ ದಿನಕ್ಕ ಬಾಯಿಗಿ ರುಚಿ ಹತ್ತಿತು ನೋಡು" ಎಂದರು. ನನಗೆ ಒಂದು ದಿನವೂ ಹಾಗೆ ಹೇಳಿದವರಲ್ಲ. ಹೊಟ್ಟೆಗೆ ಕಿಚ್ಚು ಬಿತ್ತು.

"ಅಕ್ಕಾ, ಹತ್ತರಾಗ ಒಂದು ಖಾರ ಇರ್ತದಂತ್ರಿ, ಅಣ್ಣ ಹೇಳ್ಯಾನ" ಎಂದು ಅವಳೇ ಒಮ್ಮೆ ಬಾಯಿಬಿಟ್ಟಳು. ಯಾವುದೆಂದು ನೋಡಿದರೆ ಗೊತ್ತಾಗದು. ಲಿಂಗಕ್ಕೆ ತೋರಿಸುವ ಮುಂಚೆ ಕಚ್ಚಿ ನೋಡಿದರೆ ಎಂಜಲು. ಆ ಒಂದು ಕಾಯಿ ಅತ್ತೆಯ ತಾಟಿಗೇ ಬೀಳಲಿ ಎಂದು ನಾನು ದಿನಾ ಬೇಡಿಕೊಂಡೆ.

ಕಡೆಗೂ ಬಿತ್ತು. ಅತ್ತೆಯ ಕಣ್ಣು ಮೂಗು ಎರಡೂ ಸುರಿಯತೊಡಗಿದವು. ಉಗುಳುವಂತಿಲ್ಲವಲ್ಲ, ತೊಟ್ಟಿನವರೆಗೂ ತಿಂದು ಮುಗಿಸಿದರು. ನೆಗೆಣ್ಣಿಯ ಮುಖ ಸಪ್ಪಗಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಬೇಳೆಯ ಬಟ್ಟಲು ಹಿಡಿದು ಅವರ ಮುಂದೆ ಕುಳಿತೆ.

"ಇದಿಷ್ಟು ಉಣ್ರಿ ಅತ್ತಿ, ಬಾಯಿ ತಣ್ಣಗಾಗ್ತದ. ತಾಟಿಗಿ ಬಿದ್ದದಂತ ಆ ಕಾಯಿ ತಿಂದ್ರಿ, ಇಲ್ಲಂದ್ರ ಯಾರು ತಿಂತಿದ್ರು?"

ಅತ್ತೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರು.

"ಹಾಕಬ್ಯಾಡವ್ವಾ. ತಾಟಿಗಿ ಬಿದ್ದದಂತ ಇಷ್ಟು ವರ್ಷ ತಿಂದಿದ್ದು ನಿನ್ನ ಬ್ಯಾಳಿ."

ಮೂಗು ಒರೆಸಿಕೊಳ್ಳುತ್ತ ತಾಟನ್ನು ನೆಗೆಣ್ಣಿಯ ಕಡೆ ಸರಿಸಿ, ಇನ್ನೊಂದು ಕಾಯಿ ಹಾಕೆಂದರು.