ಕೈ ಹಿಡಿದರೆ ನಾನಿಲ್ಲ

ನನಗೆ ಹಸಿವಾದದ್ದು ಮೊದಲು ನನ್ನ ಕೈಗೆ ಗೊತ್ತಾಗುತ್ತದೆ. ಬೆರಳುಗಳು ತಾವಾಗಿಯೇ ಪಟಪಟ ಅಲುಗುತ್ತವೆ. ಆಮೇಲೆ ಯೋಚಿಸುತ್ತೇನೆ: ಹಸಿವೋ, ಸೆಕೆಯೋ, ಸಿಟ್ಟೋ? ಬೇರೆಯವರಿಗೆ ಹೊಟ್ಟೆಯೇ ಹೇಳುತ್ತದಂತೆ. ನನ್ನ ಹೊಟ್ಟೆಗೆ ಬಾಯಿಯೇ ಇಲ್ಲ. ದಾವಣಗೆರೆಯ ಡಾಕ್ಟರು ಇದನ್ನು ಆಟಿಸಂ ಎಂದಾಗ ನನಗೆ ಮೂವತ್ತು ದಾಟಿತ್ತು. ಅಲ್ಲಿಯವರೆಗೆ ಹಡಗಲಿಯ ನಮ್ಮ ಮನೆಯಲ್ಲಿ ಇದಕ್ಕಿದ್ದ ಹೆಸರು ಹಟ.

ಕಳೆದ ವರ್ಷ ತಂಗಿಯ ಕುಬಸ. ತವರಿನವರು ಬಸುರಿಗೆ ಬಳೆ ತೊಡಿಸಿ ಉಡಿ ತುಂಬುವ ದಿನ. ಮನೆಯ ಹೆಂಗಸರೆಲ್ಲ ಬಳೆ ತೊಡಬೇಕು. ಬಳೆಗಾರ್ತಿ ನನಗೂ ಎರಡೂ ಕೈತುಂಬ ಹಸಿರು ಗಾಜಿನ ಬಳೆ ಏರಿಸಿದಳು. ಪಡಸಾಲೆಯ ತುಂಬ ಜನ, ಕರೆಂಟಿಲ್ಲ. ಕೈ ಅಲುಗಿತು, ಬಳೆ ಝಲ್ಲೆಂದವು. ಕೊಟ್ಟೂರಿನಿಂದ ಬಂದಿದ್ದ ಸೋದರತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

"ಸುಮ್ನ ಕುಂದ್ರಬೇ. ಇವತ್ತ ಬಳಿ ಒಡದ್ರ ನಿನ್ ತಂಗಿಗಿ ಚೊಲೊ ಅಲ್ಲ."

ತಂಗಿಗಾಗಿ ಸುಮ್ಮನೆ ಕೂತೆ. ಕೈ ಹಿಡಿದಿಟ್ಟ ಮೇಲೆ ನನಗೆ ನನ್ನ ಸುದ್ದಿ ತರುವವರೇ ಇರಲಿಲ್ಲ. ಹೆಂಗಸರ ಹಾಡು ದೂರದಿಂದ ಕೇಳಿಸತೊಡಗಿತು. ಇದರ ಮುಂದಿನದು ನನಗೆ ಗೊತ್ತು: ಒಮ್ಮೆಲೇ ಕಿರುಚುತ್ತೇನೆ, ತಂಗಿಯ ದಿನ ಹಾಳಾಗುತ್ತದೆ.

ಕೈ ಕೊಸರಿಕೊಂಡು ಬಚ್ಚಲಿಗೆ ಹೋದೆ. ಸೋಪು ಹಚ್ಚಿ ಒಂದೊಂದೇ ಬಳೆ ತೆಗೆದೆ. ಒಂದೂ ಒಡೆಯಲಿಲ್ಲ. ಹಿತ್ತಲಲ್ಲಿ ನಿಂತು ಮನಸಾರೆ ಕೈ ಬೀಸಿದೆ, ಚೊಂಬು ತುಂಬ ನೀರು ಕುಡಿದೆ. ಕೈ ಹೇಳುತ್ತಿದ್ದದ್ದು ಬರೀ ಬಾಯಾರಿಕೆ! ಬಳೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಪಡಸಾಲೆಗೆ ಬಂದೆ.

"ಅಯ್ಯ, ಬಸುರಿ ಮುಂದ ಬರಿಗೈಲೆ ಬಂದಾಳಲ್ಲ! ಇಕಿಗಿ ಬುದ್ಧಿ ಐತೋ ಇಲ್ಲೋ?" ಎಂದಳು ಅತ್ತೆ.

"ಐತಿ ಅತ್ತಿ, ಅದಕ್ಕ ತಗದೀನಿ. ನನ್ ಕೈ ಅಳ್ಳಾಡ್ತಾವ, ಅಳ್ಳಾಡ್ಲಿ. ಅವನ್ನ ಹಿಡದ್ರ ನಾ ಇಲ್ಲಿ ಕುಂದ್ರಾಕ ಆಗಂಗಿಲ್ಲ."

ಅವ್ವ ತಲೆ ತಗ್ಗಿಸಿದಳು. ಅತ್ತೆಯ ಮಾತಿಗಿಂತ ಅದೇ ಹೆಚ್ಚು ನೋಯಿಸಿತು. ಆದರೂ ಒಳಗೆ ಹೋಗಿ ಅಡಗಲಿಲ್ಲ. ತಂಗಿಯ ಪಕ್ಕದಲ್ಲೇ ಹೋಗಿ ಕೂತೆ, ಕೈ ಆಡಿಸುತ್ತ.

ಉಡಿ ತುಂಬುವುದು ಮುತ್ತೈದೆಯರ ಕೆಲಸ, ಮದುವೆಯಾಗದ ನನ್ನದಲ್ಲ. ತಂಗಿ ಅಕ್ಕಿ ತುಂಬಿದ ಮೊರವನ್ನು ಅತ್ತೆಯ ಮುಂದಿನಿಂದ ಎಳೆದು ನನ್ನ ಮುಂದಿಟ್ಟಳು.

"ಅಕ್ಕಾ, ಮೊದ್ಲ ನೀ ತುಂಬು."

ಬೊಗಸೆ ತುಂಬಿಕೊಂಡೆ. ಬೆರಳು ನಿಲ್ಲಲಿಲ್ಲ, ಅಕ್ಕಿ ಅರ್ಧ ಅವಳ ಮಡಿಲಿಗೆ, ಅರ್ಧ ನೆಲಕ್ಕೆ ಬಿತ್ತು.

"ಚೆಲ್ಲಾಕತ್ತೈತಿ!" ಎಂದಳು ಅತ್ತೆ.

ನಾನು ಇನ್ನೊಂದು ಬೊಗಸೆ ತುಂಬಿಕೊಂಡೆ.