ಮಾತು ನಿಲ್ಲಿಸಬೇಡಣ್ಣಾ

ಯಂತ್ರ ಪೀಂ ಪೀಂ ಎನ್ನುವ, ತಮಿಳುನಾಡಿನ ತೇನಿಯ ಆಪರೇಷನ್ ಕೋಣೆಯಲ್ಲಿ ಸಿಸ್ಟರ್ ಮಣಿಮೇಗಲೈಯ ಕಾಲು ಸೋತರೂ ಬಾಯಿ ಸೋಲುವುದಿಲ್ಲ. ಮೆದುಳಿನ ಗೆಡ್ಡೆ ಎಲ್ಲಿದೆಯೆಂದು ಪರದೆಯ ಚಿತ್ರ ಡಾಕ್ಟರಿಗೆ ತೋರಿಸುತ್ತದೆ. ಮಾತಿನ ಜಾಗಕ್ಕೆ ಪೆಟ್ಟಾಗದಿರಲು ರೋಗಿ ಎಚ್ಚರವಿದ್ದು ಮಾತಾಡುತ್ತಲೇ ಇರಬೇಕು. ರೋಗಿ ಕನ್ನಡದ ಮನೆಯವರಾದರೆ, ಮನೆಯಲ್ಲಿ ಅದೇ ಮಾತಾಡುವ ಅವಳೇ ಮಾತಾಡಿಸಬೇಕು: "ನಿಲ್ಲಿಸಬೇಡಣ್ಣಾ, ಹೇಳು, ಇದೇನು?" ಮೇಜಿನ ಮೇಲೆ ಮಲಗಿದ್ದ ಕೊಂಬೈ ಊರಿನ ರೈತ ಕಣ್ಣನ್ ಅವಳು ಹಿಡಿದ ಬಾಳೆಹಣ್ಣಿನ ಚಿತ್ರ ನೋಡಿ, "ವಾಳೆಹಣ್ಣು. ಗೊತ್ತಿಲ್ವಾ ತಾಯೀ, ದಿನಾ ತಿಂತೀಯಲ್ಲ?" ಎಂದ. ತಮಿಳಿನ ವಾಳೈ, ಕನ್ನಡದ ಹಣ್ಣು ಕಲಸಿದ್ದು ಕೇಳಿ ರೋಗಿಯ ಮಾತು ಕೆಟ್ಟಿತೆಂದು ಡಾಕ್ಟರ್ ಕೈ ನಿಲ್ಲಿಸಿದರು. "ತಪ್ಪಿಲ್ಲ ಸಾರ್, ನಮ್ಮ ಮನೆಮಾತೇ ಹೀಗೆ" ಎಂದಳು ಮಣಿಮೇಗಲೈ. ಗೆಡ್ಡೆ ಹೊರಬಂತು, ಮಾತು ಉಳಿಯಿತು. ಕೈ ತೊಳೆಯುತ್ತ ಡಾಕ್ಟರ್, "ನಿಮ್ಮ ಮಗಳೂ ಹೀಗೇ ಮಾತಾಡ್ತಾಳಾ?" ಎಂದರು. ಅವಳ ಕನ್ನಡಕ್ಕೆ ಮಗಳು ತಮಿಳಲ್ಲೇ ಉತ್ತರಿಸುವವಳು. ಮಣಿಮೇಗಲೈ ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದುಬಿಟ್ಟಳು.