ವಸ್ತಿ ಬಸ್ಸಿಗೆ ಜನ ಹತ್ತಿದ್ದು

ಚಿಮಣಿ, ಗುಂಡ್ಯಾ, ಇದು ನಿಮ್ಮಿಬ್ಬರಿಗೆ. ಶಾಲೆಯ ಹಾಜರಿಯಲ್ಲಿ ನಿಮಗೆ ಬೇರೆ ಹೆಸರುಗಳಿವೆ. ನಾನು ಕರೆಯುವುದು ಹೀಗೆ, ಆದ್ದರಿಂದ ಬರೆಯುವುದೂ ಹೀಗೆಯೇ. ಉಳಿದವರ ಹೆಸರನ್ನು ಹಾಕುವುದಿಲ್ಲ. ಅವರಲ್ಲಿ ಅರ್ಧ ಜನರ ನಿಜವಾದ ಹೆಸರು ನನಗೂ ಗೊತ್ತಿಲ್ಲ.

ನೀವು ಮೂಡಲಗಿಯಲ್ಲಿ ಇನ್ನೂ ಚಿಕ್ಕವರಿದ್ದಾಗ, ಗೋಕಾಕದ ನಿಮ್ಮ ದೊಡ್ಡಪ್ಪನ ಮನೆಯಲ್ಲಿ ನಿಮ್ಮ ಅಕ್ಕ ಫೋನಿನೊಳಗೆ ಒಂದು ಬಸ್ಸು ಓಡಿಸುತ್ತಿದ್ದಳು. ಅವಳು ಆಗ ಕಾಲೇಜಿನಲ್ಲಿ ಓದುತ್ತಿದ್ದಳು. ನಿಮ್ಮ ಬಳಿಗೆ ಬರುವ ಮೊದಲು ನಾನು ಅದೇ ಮನೆಯಲ್ಲಿದ್ದೆ, ಆ ಬಸ್ಸಿನಲ್ಲೂ ಇದ್ದೆ. ಅಕ್ಕನನ್ನು ಕೇಳಿದರೆ ಅವಳು ನಕ್ಕು ಸುಮ್ಮನಾಗುತ್ತಾಳೆ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಆ ಆಟಕ್ಕೆ ಅವರು ರೋಲ್‌ಪ್ಲೇ ಎನ್ನುತ್ತಿದ್ದರು. ನಾಟಕದ ಹಾಗೆಯೇ, ಆದರೆ ವೇಷವಿಲ್ಲ, ನೋಡಲು ಕುಳಿತವರಿಲ್ಲ. ಫೋನಿನ ಒಂದು ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತು ಬರೆಯುತ್ತಾರೆ, ಇನ್ನೊಬ್ಬರು ತಮ್ಮ ಪಾತ್ರದ ಬಾಯಿಂದ ಉತ್ತರ ಬರೆಯುತ್ತಾರೆ. ಮುಂದೇನು ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಆಟದ ಹೊರಗಿನ ಮಾತು ಹೇಳಬೇಕಾದರೆ ಅದನ್ನು ಕಂಸದೊಳಗೆ ಬರೆಯಬೇಕು. ಇದೊಂದು ನಿಯಮ ನನ್ನ ತಲೆಯಲ್ಲಿ ಎಂದೂ ನಿಲ್ಲಲಿಲ್ಲ.

ಬೇರೆ ಗುಂಪುಗಳಲ್ಲಿ ರಾಜರಿದ್ದರು, ಮಾಂತ್ರಿಕರಿದ್ದರು, ಕಾಲೇಜಿನ ಶ್ರೀಮಂತ ಹುಡುಗರಿದ್ದರು. ನಿಮ್ಮ ಅಕ್ಕನ ಗುಂಪಿನಲ್ಲಿ ಇದ್ದದ್ದು ಒಂದು ವಸ್ತಿ ಬಸ್ಸು. ಸಂಜೆ ಹೊರಟು, ರಾತ್ರಿ ಕೊನೆಯ ಊರಿನಲ್ಲೇ ತಂಗಿ, ಬೆಳಗ್ಗೆ ತಿರುಗಿ ಬರುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ಸು ಎನ್ನುತ್ತಾರೆ. ಅವಳದು ಮೂಡಲಗಿಯಿಂದ ಹೊರಟು ಗೋಕಾಕ, ಘೋಡಗೇರಿ, ಹುಕ್ಕೇರಿ ದಾಟಿ ದಡ್ಡಿಗೆ ಹೋಗಿ ನಿಲ್ಲುತ್ತಿತ್ತು. ಅಂಥ ಬಸ್ಸು ನಿಜವಾಗಿ ಎಂದೂ ಓಡಿಲ್ಲ. ಅವಳು ತನಗೆ ಬೇಕಾದ ಹಾದಿಗಳನ್ನೆಲ್ಲ ಹೊಲಿದು ಒಂದು ಮಾಡಿದ್ದಳು. ಆಟದೊಳಗಿನ ಕಾಲ, ಮೊಬೈಲು ಬರುವುದಕ್ಕಿಂತ ಮೊದಲಿನದು. ಅವಳ ತಾಯಿಯ ತವರು ದಡ್ಡಿ. ಚಿಕ್ಕವಳಿದ್ದಾಗ ರಜೆ ಬಿಟ್ಟ ಕೂಡಲೇ ತಾಯಿಯ ತೊಡೆಯ ಮೇಲೆ ತಲೆ ಇಟ್ಟು, ಇಂಜಿನ್ನಿನ ಸದ್ದು ಕೇಳುತ್ತ ಹೋಗುತ್ತಿದ್ದಳಂತೆ. ಈಗ ಅವಳ ಸೋದರಮಾವ ಬೈಕು ತಂದು ಕರೆದುಕೊಂಡು ಹೋಗುತ್ತಾನೆ.

ಅವಳು ಕಂಡಕ್ಟರ್ ಆಗಿದ್ದಳು, ಆಟದಲ್ಲಿ ಗಂಡಸು. ಡ್ರೈವರ್, ಅವಳ ಕಾಲೇಜಿನ ಗೆಳತಿ, ಹುಕ್ಕೇರಿಯವಳು. ಗುಂಪು ಕಟ್ಟಿದ್ದು ಆ ಗೆಳತಿಯ ಫೋನಿನಿಂದ, ಹಾಗಾಗಿ ಮುಚ್ಚುವ ಅಧಿಕಾರವೂ ಅವಳದೇ. ಜನ ಇರಲಿಲ್ಲವಾಗಿ, ಇಬ್ಬರೂ ಆಯಿ ಎಂದು ಕರೆಯುವ ಈ ಅಜ್ಜಿಯನ್ನು ಕಿಟಕಿಯ ಬದಿ ಕೂರಿಸಿದ್ದರು.

ನಾನು ಮೇಲವಂಕಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಓದುತ್ತೇನೆ, ಬರೆಯುತ್ತೇನೆ; ಮಾತಾಡಲು ಮಾತ್ರ ಹಿಂಜರಿಕೆ. ನಿಮ್ಮ ಅಜ್ಜ ತೀರಿದ ಮೇಲೆ ಒಮ್ಮೆ ಒಬ್ಬಳೇ ಬಸ್ಸಿನಲ್ಲಿ ಹೋಗುವಾಗ "ನಿಲ್ಲಸ್ರಿ" ಎನ್ನಲು ನಾಚಿ ನಮ್ಮ ಊರು ದಾಟಿ ಮುಂದೆ ಹೋಗಿ, ಬೇರೆ ಯಾರೋ ಇಳಿದಾಗ ಅವರ ಹಿಂದೆ ಇಳಿದು ನಡೆದು ಬಂದಿದ್ದೆ. ಫೋನಿನ ಬಸ್ಸಿನಲ್ಲಿ ಆ ತೊಂದರೆ ಇರಲಿಲ್ಲ. ಬೆರಳಿಗೆ ನಾಚಿಕೆ ಕಡಿಮೆ.

ಆದರೆ ಬಸ್ಸು ಖಾಲಿ. ನಿಮ್ಮ ಅಕ್ಕ ಬೇರೆ ಗುಂಪುಗಳಿಗೆಲ್ಲ ಹೋಗಿ ಕರೆದು ಬರುತ್ತಿದ್ದಳು. ಬಂದವರಿಗೆ ಗೆಳತಿ ಮೊದಲು ಉದ್ದನೆಯ ಪ್ರಶ್ನೆಗಳನ್ನು ಕಳಿಸುತ್ತಿದ್ದಳು: ಪಾತ್ರದ ವಯಸ್ಸೇನು, ಸ್ವಭಾವವೇನು, ಹಿಂದೆ ಏನಾಗಿತ್ತು. ಜನ ಅದನ್ನು ನೋಡಿಯೇ ಇಳಿಯುತ್ತಿದ್ದರು. ಒಂದು ಭಾನುವಾರ ಆ ಗೆಳತಿ ನಮ್ಮ ಮನೆಗೆ ಬಂದಳು. ಅಡುಗೆಮನೆಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತ ಇಬ್ಬರೂ ಮಾತಿಗೆ ಬಿದ್ದರು.

"ಈ ವಾರ ಯಾರರ ಬಂದ್ರೇನಲೇ?" ಎಂದಳು ಗೆಳತಿ.

"ಒಬ್ಬಾಕಿ ಬಂದಿದ್ಲು. ಕಂಡಕ್ಟರ್ ನೋಡಾಕ ಹೆಂಗದಾನ ಅಂತ ಕೇಳಿದ್ಲು. ಮುಂದಿನ ವರ್ಷ ರಿಟೈರ್ ಆಗ್ತಾನ ಅಂದೆ. ಹೋದ್ಲು."

"ಹೋಗದ ಏನ್ ಮಾಡ್ಯಾಳು? ನಿನ್ನ ಬಸ್ನಾಗ ಏನ್ ಆಗತೈತಿ ಹೇಳು."

"ಏನೂ ಆಗಾಂಗಿಲ್ಲ."

"ಮತ್ತ ಮಂದಿ ಯಾಕ ಹತ್ತಬೇಕು?"

"ಏನೂ ಆಗಾಂಗಿಲ್ಲ ಅಂತನ ನನಗ ಅದು ಬೇಕು. ಕೂಡ್ರೂದು, ಮಾತಾಡೂದು, ಊರು ಬಂದ್ರ ಇಳಿಯೂದು."

"ನೀ ಕೂಡ್ರತಿ. ನಾ ಸ್ಟೇರಿಂಗ್ ಹಿಡದು ಹಿಡದು ರಟ್ಟಿ ಬಿದ್ದು ಹೋಗ್ಯಾವು. ಕನ್ನಡಿಯೊಳಗ ನೋಡಿದ್ರ ಹಿಂದ ಆಯಿ ಒಬ್ಬಾಕಿ ಕೂತಾಳ. ಅಕಿನೂ ಟಿಕೆಟ್ ತಗೊಂಡಿಲ್ಲ." ಆಮೇಲೆ ನಗು ಬಿಟ್ಟು ಹೇಳಿದಳು: "ಗಣಪತಿ ಕೂಡ್ರೂತನಾ ನೋಡ್ತೇನಿ. ಜನಾ ಬರಲಿಲ್ಲಂದ್ರ ಇದನ್ನ ದೆವ್ವದ ಬಸ್ ಮಾಡಿಬಿಡ್ತೇನಿ. ದೆವ್ವಕ್ಕಂದ್ರ ಓಡಿ ಬರ್ತಾರ."

ನಿಮ್ಮ ಅಕ್ಕ ಅವಲಕ್ಕಿ ತಿಂದ ಬಸಿ ತೊಳೆಯಲು ಎದ್ದಳು. ಅವಳಿಗೆ ಅಳು ಬಂದಾಗ ಪಾತ್ರೆ ತೊಳೆಯುವ ಅಭ್ಯಾಸವಿದೆ.

ಅದಾದ ಮೇಲೆ ಅವಳೊಂದು ಉಪಾಯ ಹೂಡಿದಳು. ನಮ್ಮ ಕಡೆ ಬಸ್ಸು ಬಂದರೆ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಆಟದ ಎಲ್ಲ ಸೀಟುಗಳ ಮೇಲೂ ಟವೆಲ್ಲು, ಚೀಲ, ಹೂವಿನ ಪೊಟ್ಟಣ ಇದೆಯೆಂದು ಬರೆದಳು. ಗದ್ದಲ ಕಂಡರೆ ಜನ ಬಂದಾರು ಎಂದು. ಮೂರ್ನಾಲ್ಕು ಜನ ಬಂದೂ ಬಂದರು. ಟವೆಲ್ಲುಗಳನ್ನು ನೋಡಿದರು. "ಸೀಟ್ ಇಲ್ಲೇನ್ರಿ? ಮುಂದಿನ ಗಾಡಿಗಿ ಬರ್ತೇವಿ" ಎಂದು ಬರೆದು ಹೋದರು. ಮುಂದಿನ ಗಾಡಿ ಎಂಬುದು ಇರಲೇ ಇಲ್ಲ.

ಒಂದು ಸಂಜೆ ಅಕ್ಕ ಹಿತ್ತಲಲ್ಲಿ ಬಟ್ಟೆ ತೆಗೆಯಲು ಹೋಗಿದ್ದಳು. ಅವಳ ಫೋನು ನನ್ನ ಕೈಯಲ್ಲಿತ್ತು; ನನ್ನ ಪಾತ್ರವೂ ಅದರಿಂದಲೇ ಮಾತಾಡುತ್ತಿತ್ತು. ಯಾರೋ ಒಬ್ಬರು ಹೊಸದಾಗಿ ಬಂದು, ತಾನು ಘೋಡಗೇರಿಯಲ್ಲಿ ಹತ್ತಿದ ಹೆಂಗಸು, ಬಾಣಂತಿ ಮಗಳಿಗೆ ಅಂಟಿನ ಉಂಡೆ ಒಯ್ಯುತ್ತಿದ್ದೇನೆ ಎಂದು ಬರೆದರು. ನಮ್ಮ ಚಿಗವ್ವನನ್ನು, ಅವ್ವನ ತಂಗಿಯನ್ನು, ಕೊಟ್ಟದ್ದು ಘೋಡಗೇರಿಗೆ. ಆ ಕ್ಷಣಕ್ಕೆ ಅದು ಆಟವೆನ್ನುವುದು ನನಗೆ ಮರೆತುಹೋಯಿತು. ಕಂಸವನ್ನೂ ಹಾಕದೆ ಕೇಳಿಬಿಟ್ಟೆ.

"ಘೋಡಗೇರಿಯೊಳಗ ಯಾರ ಪೈಕಿ ಆತ್ರಿ ನೀವು?"

ಪೈಕಿ ಎಂದರೆ ಕಡೆಯವರು, ಬಳಗದವರು. ನಮ್ಮಲ್ಲಿ ಅಪರಿಚಿತರ ಜೊತೆ ಮಾತು ತೆರೆಯುವುದೇ ಈ ಬೀಗದ ಕೈಯಿಂದ. ಉತ್ತರ ಬಂತು.

"ಬಾವಿ ಓಣ್ಯಾವ್ರ ಪೈಕಿ ಅದೇನ್ರಿ."

"ನಮ್ಮ ಚಿಗವ್ವನ ಊರ ಅದು. ಬಾವಿ ಓಣಿ ಅಂತ ನಾ ಕೇಳಿಲ್ಲಲ್ಲರಿ."

"ಬಾವಿ ಮುಚ್ಚ್ಯಾರ್ರಿ. ಹೆಸರಷ್ಟ ಉಳದೈತಿ."

"ಹೌದೇನ್ರಿ. ಮುಚ್ಚಿದ್ದು ಗೊತ್ತ ಇಲ್ಲ ನನಗ."

"ನಂಬಿಗಿ ಇಲ್ಲಂದ್ರ ನಮ್ಮ ಮೈದುನನ್ನ ಕೇಳ್ರಿ. ಹಿಂದಿನ ಸೀಟಿನ್ಯಾಗ ಗೊರಕಿ ಹೊಡ್ಯಾಕತ್ತಾನ."

ಬಟ್ಟೆಯ ಹೊರೆ ಹೊತ್ತು ಬಂದ ಅಕ್ಕ ನನ್ನ ಭುಜದ ಮೇಲಿಂದ ಓದಿದಳು.

"ಆಯಿ, ಖರೇನ ಕೇಳಿಯೇನು ನೀ?"

"ಹೂಂ. ಬಾವಿ ಮುಚ್ಚ್ಯಾರಂತ."

ಅವಳು ಬಟ್ಟೆಯ ಹೊರೆಯನ್ನು ಮಂಚಕ್ಕೆ ಎಸೆದು ನಕ್ಕಳು. ಆ ಹೆಂಗಸು ಮೂಡಲಗಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ, ಎರಡು ಮಕ್ಕಳ ತಂದೆ ಎಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಘೋಡಗೇರಿಯನ್ನು ಅವನು ಬಸ್ಸಿನ ಬೋರ್ಡಿನಲ್ಲಿ ಮಾತ್ರ ನೋಡಿದ್ದ. ಇಲ್ಲದ ಮೈದುನನನ್ನು ಹುಟ್ಟಿಸಿಬಿಟ್ಟಿದ್ದರಿಂದ ಮರುದಿನ ಅಂಗಡಿಯ ಗೆಳೆಯನೊಬ್ಬನನ್ನು ಕರೆತಂದು ಹಿಂದಿನ ಸೀಟಿನಲ್ಲಿ ಮಲಗಿಸಿದ. ಆ ಮೈದುನ ಎದ್ದು, ತನ್ನ ಹೆಂಡತಿಯ ಅಣ್ಣ ಹುಕ್ಕೇರಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾನೆಂದ. ಅಣ್ಣನೂ ಹತ್ತಿದ.

ಹೀಗೆ ಬಸ್ಸು ತುಂಬತೊಡಗಿತು. ಗೆಳತಿಯ ಉದ್ದನೆಯ ಪ್ರಶ್ನೆಗಳನ್ನು ಅಕ್ಕ ತೆಗೆದುಹಾಕಿದಳು. ಹತ್ತಿದವರಿಗೆಲ್ಲ ಕಂಡಕ್ಟರ್ ಒಂದೇ ಮಾತು ಕೇಳುತ್ತಿದ್ದ: ಯಾರ ಪೈಕಿ? ಉತ್ತರ ಕೊಡಲು ಜನ ಒಬ್ಬ ಕಾಕಾನನ್ನೋ ಅತ್ತಿಗೆಯನ್ನೋ ಹೇಳಬೇಕಾಗುತ್ತಿತ್ತು. ಹೇಳಿದ ಮೇಲೆ ಅವರನ್ನು ಕರೆತರುವುದು ಹೇಳಿದವರ ಪಾಲಿಗೆ ಬೀಳುತ್ತಿತ್ತು. ಮಾತು ದಪ್ಪವಾಯಿತು. ಸೊಸೆಯಂದಿರ ದೂರುಗಳು, ಎಮ್ಮೆಯ ವ್ಯಾಪಾರ, ಮೈದುನನ ಗೊರಕೆ. ಏನೂ ಆಗುತ್ತಿರಲಿಲ್ಲ. ನಿಮ್ಮ ಅಕ್ಕ ಪಾತ್ರೆಯ ತಂಟೆಗೆ ಹೋಗುವುದನ್ನು ಬಿಟ್ಟಳು. ನಿಮ್ಮ ದೊಡ್ಡಮ್ಮ ಬೇಸರ ಮಾಡಿಕೊಂಡಳು.

ಆಮೇಲೆ ರೇಡಿಯೋ ರಿಪೇರಿಯವರು ಬಂದರು.

ಅವರು ಗಂಡಸೋ ಹೆಂಗಸೋ, ನಿಜವಾಗಿ ಎಲ್ಲಿಯವರೋ ನನಗೆ ಇವತ್ತಿಗೂ ತಿಳಿಯದು. ಆಟದಲ್ಲಿ ನಡುವಯಸ್ಸಿನ ಗಂಡಸು, ಹಿಂಬದಿ ಬಿಚ್ಚಿದ ಒಂದು ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು ಹುಕ್ಕೇರಿಯಲ್ಲಿ ಹತ್ತಿದರು. ಬಸ್ಸು ತಿರುವಿನಲ್ಲಿ ವಾಲಿದಾಗ ರೇಡಿಯೋ ತಾನಾಗಿ ಬೇರೆ ಊರಿನ ಹವಾಮಾನ ಹೇಳಿತು ಎಂದು ಬರೆದರು. ಕಿಟಕಿಯ ಗಾಜಿಗೆ ಯಾರೋ ತಲೆ ಒರಗಿಸಿದ ಎಣ್ಣೆಯ ಗುರುತಿನಲ್ಲಿ ಹೊರಗಿನ ದೀಪಗಳು ದೊಡ್ಡದಾಗಿ ಕಾಣುತ್ತವೆ ಎಂದು ಬರೆದರು. ನಿಮ್ಮ ಅಕ್ಕ ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದಳು. "ಆಯಿ, ಈ ಬಸ್ಸು ನಾ ಇವರ ಸಲುವಾಗಿ ಬಿಟ್ಟಿದ್ದೆ ಅನಸ್ತೈತಿ" ಎಂದಳು.

ಅಷ್ಟರಲ್ಲಿ ಮೈದುನ ಕೇಳಿದ: "ಯಾರ ಪೈಕಿರಿ ತಾವು?"

"ಯಾರ ಪೈಕೀನೂ ಅಲ್ರಿ."

"ಹಂಗ ಹೆಂಗಿರತೈತ್ರಿ? ಒಂದು ಓಣಿಯಂತೂ ಇರಬೇಕಲ್ಲ."

"ನಮ್ಮ ಓಣಿ ಊರಾಗ ಬರಾಂಗಿಲ್ಲರಿ."

ಅಷ್ಟು ಬರೆದು ಅವರು ಇಳಿದರು. ಗುಂಪಿನಿಂದಲೇ ಹೋದರು. ಮೈದುನ ಒಂದು ನಗುವ ಚಿತ್ರ ಹಾಕಿದ. ಆಮೇಲೆ ಯಾಕೋ ತೆಗೆದ.

ಮರುದಿನ ಹುಕ್ಕೇರಿಯ ಗೆಳತಿ ನಮ್ಮ ಮನೆಗೆ ಬಂದಳು. ಚಹಾ ಕೊಟ್ಟೆ. ಅಕ್ಕ, ಯಾಕೆ ಹೀಗಾಯಿತು, ನಾವೇನು ಅಂದೆವು ಎಂದು ಹೇಳಿಕೊಳ್ಳುತ್ತಿದ್ದಳು. ಗೆಳತಿ ಕಪ್ಪು ಕೆಳಗಿಟ್ಟಳು.

"ನಿನಗ ಆ ಪ್ರಶ್ನಿ ಯಾರೂ ಕೇಳಿಲ್ಲ, ಅದಕ್ಕ ಗೊತ್ತಿಲ್ಲ. ಊರು ಕೇಳ್ತಾರ, ಓಣಿ ಕೇಳ್ತಾರ, ಯಾರ ಪೈಕಿ ಅಂತಾರ. ಅಷ್ಟಾದ ಮ್ಯಾಲ ನೀರು ಕೊಡೂ ಕೈ ಹಿಂದ ಹೋಗತೈತಿ. ನನಗ ಕೇಳದವರಿಲ್ಲ."

"ನಮ್ಮ ಮನ್ಯಾಗ ಕೇಳಿಲ್ಲಲ್ಲ" ಎಂದಳು ಅಕ್ಕ.

"ಆಯಿ ಕೇಳಿಲ್ಲ. ಅದಕ್ಕ ಬರ್ತೇನಿ."

ನಾನು ಕೇಳದೆ ಇದ್ದದ್ದು ಒಳ್ಳೆಯತನದಿಂದ ಅಲ್ಲ. ಬಾಯಿ ಬರುತ್ತಿರಲಿಲ್ಲ, ಅಷ್ಟೆ. ಇದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದೆ.

ಅಕ್ಕ ಫೋನು ತೆರೆದು ಹತ್ತಿದವರ ಪಟ್ಟಿ ನೋಡಿದಳು. ಬಸ್ಸು ತುಂಬಿದ್ದೇ ಆ ಮಾತಿನಿಂದ. ಅದನ್ನು ತೆಗೆದರೆ ಜನ ಹೋದಾರು, ಗಣಪತಿ ಹಬ್ಬ ಹತ್ತಿರ ಬಂದಿತ್ತು.

"ತಗದ್ರ ಮಾತು ಹೆಂಗ ಚಾಲೂ ಮಾಡೂದು?" ಎಂದಳು.

"ನೀ ಕಂಡಕ್ಟರ್ ಅದಿ. ಕಂಡಕ್ಟರ್ ಏನ್ ಕೇಳತಾನ?"

"ಎಲ್ಲಿಗಿ ಅಂತ."

"ಅಷ್ಟ ಕೇಳು."

ಆ ಸಂಜೆ ಅಕ್ಕ ಬಸ್ಸಿನೊಳಗೆ ಒಂದು ಬೋರ್ಡು ತೂಗುಹಾಕಿದಳು: ಇಲ್ಲಿ ಯಾರೂ ಯಾರ ಪೈಕಿ ಎಂದು ಕೇಳಬಾರದು. ಘೋಡಗೇರಿಯ ಬಳಗ ಸಿಟ್ಟಾಯಿತು. ಇಷ್ಟು ದಿನ ಕೇಳಿ ಕೇಳಿ ಹತ್ತಿಸಿಕೊಂಡು ಈಗ ತಪ್ಪು ಎಂದರೆ ಹೇಗೆ ಎಂದರು. ಮೈದುನ ತನ್ನ ಹೆಂಡತಿಯ ಅಣ್ಣನನ್ನೂ ಉಳಿದವರನ್ನೂ ಇಳಿಸಿಕೊಂಡು ಹೋದ. ಅಂಟಿನ ಉಂಡೆಯ ಹೆಂಗಸು ಮಾತ್ರ ಉಳಿದಳು. "ನನ್ನ ಮಗಳು ದಡ್ಡ್ಯಾಗ ಅದಾಳ್ರಿ, ನಡುವ ಹೆಂಗ ಇಳೀಲಿ?" ಎಂದು ಬರೆದಳು. ಸೀಟುಗಳು ಮತ್ತೆ ಖಾಲಿಯಾದವು. ಗೆಳತಿ ಹಬ್ಬದ ಗಡುವಿನ ಮಾತು ತೆಗೆಯಲಿಲ್ಲ, ಅಕ್ಕನೂ ತೆಗೆಯಲಿಲ್ಲ.

ರೇಡಿಯೋದವರಿಗೆ ಅಕ್ಕ ಬೇರೆಯಾಗಿ ಒಂದು ಸಾಲು ಕಳಿಸಿದ್ದಳು. ಅದನ್ನು ಬರೆಯಲು ಅವಳಿಗೆ ಒಂದು ಮಧ್ಯಾಹ್ನ ಹಿಡಿಯಿತು. ಬರೆದದ್ದು ಇಷ್ಟೇ: "ಬೋರ್ಡು ಹಾಕೇವ್ರಿ. ಸೀಟು ಹಂಗ ಐತಿ."

ಅವರು ಬಂದದ್ದು ಗಣಪತಿ ಕೂರುವ ಹಿಂದಿನ ದಿನ. ಮನೆಯಲ್ಲಿ ಕಡುಬಿಗೆ ಕಾಯಿ ಹೆರೆಯುತ್ತಿದ್ದೆವು. ಅಕ್ಕನ ಬೆರಳಿಗೆಲ್ಲ ಕೊಬ್ಬರಿ ಅಂಟಿತ್ತು, ಆದ್ದರಿಂದ ಅವಳು ಹೇಳಿದಂತೆ ನಾನೇ ಒತ್ತಿದೆ.

"ಎಲ್ಲಿಗ್ರಿ?"

"ದಡ್ಡಿಗಿ."

"ಕೊನೀ ಸ್ಟಾಪ್ ರೀ ಅದು."

"ಗೊತ್ತೈತ್ರಿ. ವಸ್ತಿ ಇದ್ದು ಮುಂಜಾನಿ ಇದ ಬಸ್ಸಿಗಿ ಹೊಳ್ಳಿ ಬರ್ತೇನಿ."

ಅವರು ನನ್ನ ಪಕ್ಕದಲ್ಲಿ ಕುಳಿತರು. ನಾನು ಚೀಲ ಸರಿಸಿದೆ. ಹುಕ್ಕೇರಿಯಿಂದ ಡ್ರೈವರ್ ಬರೆದಳು: ಕನ್ನಡಿಯೊಳಗೆ ಮೂರು ಜನ ಕಾಣುತ್ತಿದ್ದಾರೆ, ಗಾಡಿ ಬಿಡುತ್ತಿದ್ದೇನೆ. ಹಬ್ಬ ಕಳೆದ ಮೇಲೂ ಅವಳು ಬಿಡುತ್ತಲೇ ಇದ್ದಳು, ಕಾಲೇಜು ಮುಗಿದು ಇಬ್ಬರಿಗೂ ಕೆಲಸ ಸಿಗುವವರೆಗೂ. ಅಷ್ಟರಲ್ಲಿ ಹತ್ತಿದವರು, ಇಳಿದವರು ಇನ್ನೂ ಇದ್ದಾರೆ. ಅಷ್ಟೂ ಬರೆಯಲು ಕಣ್ಣು ಸಾಲದು.

ಆ ಗುಂಪು ಈಗಿಲ್ಲ. ಫೋನು ಬದಲಿಸಿದಾಗ ಅಲ್ಲಿ ಬರೆದದ್ದೆಲ್ಲ ಹೋಯಿತಂತೆ. ಉಳಿದದ್ದು ಈ ಹಾಳೆಗಳು. ಪೇಪರಿನವನಿಗೆ ರದ್ದಿ ಹಾಕುವಾಗ ನಿಮ್ಮ ತಾಯಿ ನೋಡದೆ ಕೊಟ್ಟುಬಿಟ್ಟಾಳು, ಹಾಗಾಗಿ ಕಪಾಟಿನ ಮೇಲಿನ ಖಾನೆಯಲ್ಲಿ, ನನ್ನ ಇಳಕಲ್ ಸೀರೆಯ ಮಡಿಕೆಯೊಳಗೆ ಇಡಿ. ಚಿಮಣಿ, ನಿನ್ನ ಕೈ ಮುಟ್ಟುವಷ್ಟು ನೀನು ಎತ್ತರ ಆಗುವವರೆಗೆ ಗುಂಡ್ಯಾ ನೋಡಿಕೊಳ್ಳಲಿ.